ಹತ್ತು ಸಾವಿರ ಸಲ

ಶಿವರಂಜನಿ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುತ್ತಿದ್ದಳು. ಒಂದೊಂದೇ ಮುಚ್ಚಳ ತಿರುವಿ, ಆಲಿಕೆ ಇಟ್ಟು, ಹನಿಯೂ ಚೆಲ್ಲದಂತೆ.

ಪಡಸಾಲೆಯಲ್ಲಿ ವಿಶ್ವರಾಧ್ಯರನ್ನು ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಶಹಾಪುರದಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದ ಮನುಷ್ಯ, ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿದ್ದರು. ಮಗ್ಗುಲಲ್ಲಿ ಅವರ ಕಂಪ್ಯೂಟರ್ ಯಂತ್ರ ಮಾತ್ರ ಓಡುತ್ತಲೇ ಇತ್ತು. ಪರದೆಯ ಮೇಲೆ ಒಂದೊಂದೇ ಏರುತ್ತಿದ್ದ ಅಂಕಿ, 9,412.

ಬೆಳಿಗ್ಗೆಯಿಂದ ಕರೆಂಟಿರಲಿಲ್ಲ; ಯಂತ್ರ ಇನ್ವರ್ಟರಿನ ಮೇಲೇ ನಡೆದಿತ್ತು. ವಿಶ್ವರಾಧ್ಯರ ಅಳಿಯ ಸಂಜೀವಕುಮಾರ ಮೈಕಿನ ವೈರು ಹಿಡಿದು ಬಂದ.

“ಏ ತಂಗಿ, ಆ ಪ್ಲಗ್ ತೆಗಿ. ಭಜನಿಯವ್ರು ಕುಂತಾರ.”

“ಬ್ಯಾಡ್ರಿ ಅಣ್ಣಾರ. ಸರ್ ಹಚ್ಚಿದ ಪರೀಕ್ಷಾ ನಡುವ ನಿಂತ್ರ ಮತ್ತ ಒಂದರಿಂದ ಸುರು ಮಾಡಬೇಕ್ರಿ.”

ಬಾಗಿಲಲ್ಲಿದ್ದ ಮೊಬೈಲ್ ಅಂಗಡಿಯ ಮುನಾವರ, “ಮಾಸ್ತರ್ ತಣ್ಣಗಾದ್ರೂ ಅವ್ರ ಮಷೀನ್ ಬಿಸಿ ಅದ ನೋಡ್ರಿ” ಎಂದ. ಅಳುತ್ತಿದ್ದವರೊಬ್ಬರು ಫಕ್ಕನೆ ನಕ್ಕು ಸೆರಗು ಬಾಯಿಗೊತ್ತಿಕೊಂಡರು.

*

ಎಂಟನೆಯ ತರಗತಿಗೇ ಶಾಲೆ ಬಿಟ್ಟು ಅಂಗಡಿಯ ಧೂಳು ಒರೆಸಲು ಬಂದ ಶಿವರಂಜನಿಗೆ ವಿಶ್ವರಾಧ್ಯರು ಯಂತ್ರವನ್ನು ಬಿಚ್ಚಿ ತೋರಿಸಿದ್ದರು. ಒಳಗೆ ಒಂದು ದಾರಿಯ ಮಾತನ್ನು ಇನ್ನೊಂದು ದಾರಿಗೆ ದಾಟಿಸುವ ಪುಟ್ಟ ಚಿಪ್, ಹೆಸರು ಬ್ರಿಜ್. ಅದನ್ನು ನಡೆಸುವ ಕೋಡು, ಅಂದರೆ ಯಂತ್ರಕ್ಕೆ ಬರೆದ ಆದೇಶಗಳು, ಕರ್ನಲ್ ಎಂಬ ತಂತ್ರಾಂಶದ ಒಳತಿರುಳಿನಲ್ಲಿತ್ತು. ಊರೂರಿನವರು ಪುಕ್ಕಟೆ ಬಳಸುವ ಆ ಕೋಡಿನ ಒಂದು ಮೂಲೆಯನ್ನು ವಿಶ್ವರಾಧ್ಯರು ಹನ್ನೆರಡು ವರ್ಷ ತಿದ್ದಿ ಕಾಪಾಡಿದ್ದರು.

“ಬ್ರಿಜ್ ತೆಗಿಯೋಕಿಂತ ಮೊದ್ಲು ಆಚಿ ದಂಡ್ಯಾಗ ಇದ್ದವ್ರನ್ನ ಇಳಿಸಬೇಕವ್ವ” ಎನ್ನುತ್ತಿದ್ದರು; ಬ್ರಿಜ್ಜಿಗೆ ಜೋಡಿಸಿದ ಭಾಗಗಳನ್ನು ಮೊದಲು ಕಳಚಬೇಕು ಎಂದರ್ಥ. ಕೋಡಿನ ಒಂದು ಕಡೆ ತಾವೇ ಆ ಕ್ರಮವನ್ನು ಹಿಂದುಮುಂದಾಗಿ ಬರೆದಿದ್ದರು. ಎಲ್ಲೋ ಯಾರದೋ ಯಂತ್ರ ಪದೇಪದೇ ನಿಂತು ದೂರು ಬಂತು. ತಪ್ಪು ಶಿವರಂಜನಿಯ ಕಣ್ಣಿಗೆ ಬಿತ್ತು. ಹೇಳಲು ನಾಚಿ ಎರಡು ದಿನ ಅದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು.

“ಕಲಿಸಿದಾಂವಾನೂ ನಾನೇ, ಮರ್ತಾಂವಾನೂ ನಾನೇ! ತಿದ್ದು, ನೀನೇ ತಿದ್ದು.”

ತಿದ್ದಿದಳು. ಬ್ರಿಜ್ಜನ್ನು ಯಂತ್ರ ತಾನೇ ಹತ್ತು ಸಾವಿರ ಸಲ ಕಳಚಿ ಕೂಡಿಸಿ ನೋಡುವ ಪರೀಕ್ಷೆಯನ್ನು ನಿನ್ನೆ ಮಧ್ಯಾಹ್ನ ಶುರು ಮಾಡಿದವರು ಅವರೇ.

*

“ಮೈಕ್ ಬ್ಯಾಡ ಬಿಡಪ್ಪ” ಎಂದರು ವಿಶ್ವರಾಧ್ಯರ ಹೆಂಡತಿ ಭೀಮಾಬಾಯಿ. “ಅವ್ರಿಗೆ ಗದ್ಲ ಸೇರ್ತಿದ್ದಿಲ್ಲ. ಬಾಯಿಲೇ ಹಾಡ್ರಿ.”

ಸಂಜೀವಕುಮಾರ ವೈರು ಸುತ್ತಿಟ್ಟ. ಬರೀ ತಾಳದ ಮೇಲೆ ಭಜನೆ ನಡೆಯಿತು. ಊರವರೆಲ್ಲ ಬಂದು ಹೂವೇರಿಸಿ ಹೊರಗೆ ಕೂತರು. ಮಧ್ಯಾಹ್ನ ಅಂಕಿ ಹತ್ತು ಸಾವಿರ ಮುಟ್ಟಿತು. ಒಮ್ಮೆಯೂ ಯಂತ್ರ ನಿಂತಿರಲಿಲ್ಲ.

ತಿದ್ದಿದ ಕೋಡಿನ ಜೊತೆ ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಬೇಕಾದ ಪತ್ರವನ್ನು ಶಿವರಂಜನಿ ತೆರೆದಳು. ತಿದ್ದಿದವರು ಎಂಬಲ್ಲಿ ವಿಶ್ವರಾಧ್ಯರು ಆಗಲೇ ಅವಳ ಹೆಸರು ಬರೆದಿಟ್ಟಿದ್ದರು. ಪೂರಾ ಹೆಸರು, ಊರು ದೋರನಹಳ್ಳಿ ಸಮೇತ.

ಹೊರಗೆ ವಿಮಾನ, ಅವರನ್ನು ಕೂರಿಸಿ ಒಯ್ಯುವ ಹೂವಿನ ಚಟ್ಟ, ಸಿದ್ಧವಾಗಿತ್ತು. ಎತ್ತುವವರು ಒಳಗೆ ಬರುವ ಮುಂಚೆ ಅವಳು ಪರದೆಯನ್ನು ಮೆಲ್ಲಗೆ ಗೋಡೆಗೆ ಆನಿಸಿದ್ದ ಅವರ ಕಡೆಗೆ ತಿರುಗಿಸಿದಳು. ಬೆಳಕು ಅವರ ಹಣೆಯ ವಿಭೂತಿಯ ಮೇಲೆ ಬಿತ್ತು.

“ಸರ, ಒಂದ್ಸಲ ನೋಡ್ರಿ.”