ವರ್ಷಕ್ಕೆ ಏಳು ರಾತ್ರಿ

ವರ್ಷಕ್ಕೆ ಏಳು ರಾತ್ರಿ. ನನಗಿರುವ ರಜೆ ಅಷ್ಟೇ. ಎಂಟನೆಯ ರಾತ್ರಿ ನಾನು ಹೊರಗೆ ಮಲಗಿದರೆ ಜೇಬೆಜ್ ಹಾರ್ಲಕ್‌ನ ಮನೆ ನಮ್ಮ ಕೈಬಿಟ್ಟು ಹೋಗುತ್ತದೆ.

ಈ ಜೇಬೆಜ್ ಮಹಾಶಯ ೧೬೩೮ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು, ಮ್ಯಾಸಚೂಸೆಟ್ಸ್ ಕರಾವಳಿಯ ಈ ಕ್ವಿನ್ಸೆಟ್ ಊರಿನಲ್ಲಿ ಮೊದಲ ಬೇಲಿ ಹಾಕಿದವನು. ಬೇಲಿ ಹಾಕುವ ಮುಂಚೆ ನೆಲ ಯಾರದಾಗಿತ್ತು ಎಂದು ನಮ್ಮ ಮನೆತನದ ಸಂಘದಲ್ಲಿ ಯಾರೂ ಕೇಳುವುದಿಲ್ಲ. ಅವನು ಕಟ್ಟಿದ ಮರದ ಮನೆ ಮಾತ್ರ ಇನ್ನೂ ನಿಂತಿದೆ. ಮಕ್ಕಳಿಲ್ಲದ ಹಾರ್ಲಕ್ ಒಬ್ಬ ನೂರಿಪ್ಪತ್ತು ವರ್ಷದ ಹಿಂದೆ ಅದನ್ನು ಸಂಘಕ್ಕೆ ಬರೆದುಕೊಟ್ಟ. ಸುಮ್ಮನೆ ಕೊಟ್ಟನೇ? ಒಂದು ಕೊಕ್ಕೆ ಸಿಕ್ಕಿಸಿಯೇ ಕೊಟ್ಟ. ಜೇಬೆಜನ ರಕ್ತದವರೊಬ್ಬರು ಅಲ್ಲೇ ಇರಬೇಕು, ವರ್ಷದಲ್ಲಿ ಏಳು ರಾತ್ರಿ ಬಿಟ್ಟು ಮಿಕ್ಕೆಲ್ಲ ರಾತ್ರಿ ಅಲ್ಲೇ ಮಲಗಬೇಕು. ತಪ್ಪಿದರೆ ಮನೆ, ತೋಟ ಎಲ್ಲ ಪಕ್ಕದ ಜಮೀನಿನವರ ಪಾಲು. ಪಕ್ಕದ ಜಮೀನು ಈಗ ಜಲ್ಲಿ ಕ್ವಾರಿ. ಅವರು ಒಂದೇ ವಾರದಲ್ಲಿ ಮನೆ ಕೆಡವಿ ನೆಲ ಬಗೆಯುತ್ತಾರೆ.

ಮೊದಲ ಮೂವತ್ತು ವರ್ಷ ಬೇರೆ ಸಾಲಿನವರು ಮಲಗಿದರು, ಆಮೇಲೆ ನನ್ನ ಅಜ್ಜ, ಅವನ ನಂತರ ಅಪ್ಪ. ಅಪ್ಪ ಹಾಸಿಗೆ ಹಿಡಿದಾಗ ನನಗೆ ಇಪ್ಪತ್ತನಾಲ್ಕು. ಮಣಿಕಟ್ಟು ಹಿಡಿದುಕೊಂಡು, "ಹಲ್ಡಾ, ಮನೆ ಬಿಡಲ್ಲ ಅಂತ ಮಾತು ಕೊಡು" ಎಂದ. ಕೊಟ್ಟೆ. ಸಾಯುವವನಿಗೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನನ್ನ ಅಕ್ಕ ಥರ್ಜಾ ಜಾಣೆ, ಮೊದಲೇ ವಾಸನೆ ಹಿಡಿದು ಹತ್ತೊಂಬತ್ತಕ್ಕೇ ವರ್ಮಾಂಟಿಗೆ ಓಡಿದ್ದಳು.

ಈಗ ನನಗೆ ಅರವತ್ತೈದು. ಆ ಮನೆಯ ತೊಲೆಗೆ ತಲೆ ಬಡಿಸಿಕೊಳ್ಳುತ್ತ ನಲವತ್ತೊಂದು ವರ್ಷವಾಯಿತು. ಚಳಿಗಾಲದಲ್ಲಿ ಅಡುಗೆಮನೆಯೊಂದೇ ಬೆಚ್ಚಗಿರುತ್ತದೆ, ಅಲ್ಲೇ ಒಲೆಯ ಪಕ್ಕ ಮಂಚ ಎಳೆದುಕೊಳ್ಳುತ್ತೇನೆ. ಪಿತ್ತಕೋಶದ ಆಪರೇಷನ್ ಆದಾಗ ಡಾಕ್ಟರು ಹತ್ತು ದಿನ ಆಸ್ಪತ್ರೆಯಲ್ಲಿ ಇರು ಎಂದರು, ಏಳಕ್ಕೆ ಎದ್ದು ಬಂದೆ. ಆ ವರ್ಷ ಥರ್ಜಾಳ ಮುಖ ನೋಡಲಿಲ್ಲ. ಎಮರಿ ಎಂಬ ಮೀನುಗಾರ ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದ. ಅವನ ದೋಣಿ ಇದ್ದದ್ದು ಮೇನ್ ರಾಜ್ಯದ ಬಂದರಿನಲ್ಲಿ. ಮೂರು ವರ್ಷ ಕಾದ, ಆಮೇಲೆ ಬೇರೆಯವಳನ್ನು ಕಟ್ಟಿಕೊಂಡ. ಅವನದೇನೂ ತಪ್ಪಿಲ್ಲ. ಆ ಮನೆಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ನನ್ನ ಕೈಯಾರೆ ಅದನ್ನು ಜಲ್ಲಿ ಯಂತ್ರದ ಬಾಯಿಗೆ ಕೊಡಲೂ ಆಗುವುದಿಲ್ಲ. ಇದೇ ನನ್ನ ಹೆಗಲೇರಿದ ಶನಿ.

ಈ ವಸಂತದಲ್ಲಿ ಥರ್ಜಾ ಫೋನ್ ಮಾಡಿದಳು.

"ಹಲ್ಡಾ, ನನ್ನ ಕಣ್ಣು ಹೋಗ್ತಾ ಇದೆ ಕಣೇ. ಕೆರೆ ಕಡೆ ರೂಮು ಖಾಲಿ ಇಟ್ಟಿದೀನಿ. ಅಕ್ಟೋಬರ್‌ವರೆಗೂ ಕಾಯ್ತೀನಿ. ಆಮೇಲೆ ಯಾರಾದ್ರೂ ಕೆಲಸದವಳನ್ನ ಇಟ್ಕೊಳ್ಳಲೇಬೇಕು, ಒಲೆ ಹಚ್ಚೋಕೂ ಆಗ್ತಿಲ್ಲ."

"ಏಳು ರಾತ್ರಿ ಬರ್ತೀನಿ ಬಿಡು."

"ಏಳು ರಾತ್ರಿ ಯಾರಿಗೆ ಬೇಕೇ! ನಿನ್ನ ಮುಖ ಇನ್ನೂ ಕಾಣೋವಾಗ್ಲೇ ಬಾ."

ಅಂದಿನಿಂದ ನಾನು ಇನ್ನೊಬ್ಬ ಹಾರ್ಲಕ್‌ಗಾಗಿ ಹುಡುಕಿದೆ. ಸಂಘದ ನಲವತ್ತು ಜನಕ್ಕೆ ಕಾಗದ ಬರೆದೆ. ಎಲ್ಲರಿಗೂ ಆ ಮನೆಯೆಂದರೆ ಪ್ರಾಣವಂತೆ. ಬೇಸಿಗೆಯ ಒಂದು ಮಧ್ಯಾಹ್ನದ ಮಟ್ಟಿಗೆ ಪ್ರಾಣ, ಫೋಟೊ ತೆಗೆಸಿಕೊಳ್ಳುವವರೆಗೆ. ಜನವರಿಯಲ್ಲಿ ಅಲ್ಲಿ ಮಲಗುತ್ತೀರಾ ಎಂದರೆ ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಮೊಮ್ಮಗು.

ಅಷ್ಟರಲ್ಲಿ ಟ್ಯಾಮ್ಸಿನ್ ಎಂಬ ಹುಡುಗಿಯ ಅರ್ಜಿ ಬಂತು. ಓಹಾಯೋದವಳು, ಇಪ್ಪತ್ತಾರು ವರ್ಷ, ಸಂಘಕ್ಕೆ ಸೇರಬೇಕಂತೆ. ಅರ್ಜಿಗಳನ್ನು ತಪಾಸಣೆ ಮಾಡುವವಳೂ ನಾನೇ. ಮಗನಿಂದ ಅಪ್ಪ, ಅಪ್ಪನಿಂದ ಅಜ್ಜ ಎಂದು ಜೇಬೆಜನವರೆಗೆ ಪ್ರತಿ ಮೆಟ್ಟಿಲಿಗೂ ಒಂದೊಂದು ಮೂಲ ದಾಖಲೆ ಇರಬೇಕು ಎಂಬುದು ನಿಯಮ. ಅವಳು ಜೇಬೆಜನ ಐದನೆಯ ಮಗ ಎನೋಸನ ಸಾಲಿನವಳು. ನಾನೂ ಅದೇ ಸಾಲು. ಆದರೆ ಎನೋಸನಿಗೆ ಯಾರೂ ಮೂಲ ದಾಖಲೆ ಹುಡುಕಿರಲೇ ಇಲ್ಲ. ನಮ್ಮ ಮುತ್ತಜ್ಜನ ಕಾಲದಲ್ಲಿ ಅಚ್ಚಾದ ವಂಶಾವಳಿಯ ಪುಸ್ತಕವನ್ನೇ ನಂಬಿಕೊಂಡು ಕೂತಿದ್ದೆವು.

ಜಿಲ್ಲಾ ದಾಖಲೆ ಕಚೇರಿಗೆ ಹೋದೆ. ಎನೋಸ್ ನಾಲ್ಕು ವರ್ಷದವನಿದ್ದಾಗ ಬಾವಿಗೆ ಬಿದ್ದು ಸತ್ತ ಎಂದು ಬರೆದಿತ್ತು. ಗಾಬರಿಯಾಗಲಿಲ್ಲ. ನಮ್ಮ ಹಿರಿಯರಲ್ಲಿ ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುವುದು ವಾಡಿಕೆ. ಒಂದೇ ಮನೆಯಲ್ಲಿ ಮೂರು ಮೇರಿಯರ ಗೋರಿಗಳನ್ನು ನೋಡಿದವಳು ನಾನು. ಹುಡುಕಿದೆ, ಎರಡನೆಯ ಎನೋಸ್ ಸಿಕ್ಕ. ಎರಡು ವರ್ಷಕ್ಕೆ ಅವನೂ ಸಿಡುಬಿಗೆ ಹೋಗಿದ್ದ. ಮೂರನೆಯವನು ಹುಟ್ಟಲೇ ಇಲ್ಲ.

ಹಾಗಾದರೆ ನಾವೆಲ್ಲ ಯಾರ ಮಕ್ಕಳು? ಮೂರು ವಾರ ಹುಡುಕಿದ ಮೇಲೆ, ಬೇರೊಂದು ಮನೆತನದ ಕಾಗದಪತ್ರದ ಕಟ್ಟಿನೊಳಗೆ ಜೇಬೆಜನ ಉಯಿಲು ಸಿಕ್ಕಿತು. ಅದರಲ್ಲಿ ಹೀಗಿತ್ತು: "ನಾನು ಹಡಗಿನಿಂದ ಏಳು ವರ್ಷದ ಕರಾರಿಗೆ ತಂದವನೂ, ನನ್ನ ಸತ್ತ ಮಕ್ಕಳ ಹೆಸರಿನಿಂದ ನಾನು ಕರೆಯುವವನೂ ಆದ ಆಳು ಎನೋಸನಿಗೆ ಒಂದು ಹಸು, ಒಂದು ಕಂಬಳಿ."

ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟವನು ಹೆಸರನ್ನು ಮಾತ್ರ ಬಿಡಲಾರದೆ ಆಳಿನ ತಲೆಗೆ ಕಟ್ಟಿದ್ದ. ಪುಸ್ತಕ ಬರೆದ ಪುಣ್ಯಾತ್ಮ ಹೆಸರು ನೋಡಿ ಅವನನ್ನೇ ಮಗ ಮಾಡಿಬಿಟ್ಟಿದ್ದ. ನನ್ನ ಮೂಲಪುರುಷ ಆ ಮನೆಯ ಯಜಮಾನನಲ್ಲ, ಕರಾರಿನ ಆಳು! ನನಗೆ ನಾಚಿಕೆಯಾಗಬೇಕಿತ್ತೇನೋ. ಕಚೇರಿಯ ಮೆಟ್ಟಿಲ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ನಕ್ಕೆ. ನಾನು ರಕ್ತದವಳಲ್ಲ. ರಕ್ತದವಳಲ್ಲದವಳು ಕೊಟ್ಟ ಮಾತಿಗೆ ಏನು ಬೆಲೆ? ನಿಜವಾದ ಹಾರ್ಲಕ್‌ಗಳು ಬಂದು ಮಲಗಲಿ. ಅಂದೇ ಟ್ರಂಕು ಕೆಳಗಿಳಿಸಿದೆ.

ಆಗಸ್ಟಿನ ಎರಡನೆಯ ಶನಿವಾರ ಚರ್ಚಿನ ಸಭಾಂಗಣದಲ್ಲಿ ಸಂಘದ ವಾರ್ಷಿಕ ಕೂಟ. ಬೇಯಿಸಿದ ಬೀನ್ಸು, ಕಂದು ಬ್ರೆಡ್ಡು, ಬ್ಲೂಬೆರಿ ಪೈ, ಎಲ್ಲ ಎಂದಿನಂತೆ. ಊಟದ ಮೇಲೆ ಅಧ್ಯಕ್ಷ ಲೀಲಂಡ್ ಜೇಬೆಜನ ಮಕ್ಕಳ ಹೆಸರನ್ನು ಒಂದೊಂದಾಗಿ ಕೂಗುತ್ತಾನೆ, ಆಯಾ ಸಾಲಿನವರು ಎದ್ದು ನಿಲ್ಲಬೇಕು. ಎಂಬತ್ತೆಂಟು ವರ್ಷವಾದರೂ ಅವನ ಗಂಟಲು ಗಂಟೆಯಂತಿದೆ. "ಎನೋಸ್!" ಎಂದು ಕೂಗಿದ. ಹನ್ನೊಂದು ಜನ ಎದ್ದರು. ಕೂಟಕ್ಕೆಂದೇ ಓಹಾಯೋದಿಂದ ಬಂದಿದ್ದ ಟ್ಯಾಮ್ಸಿನ್ ಎಲ್ಲರಿಗಿಂತ ಮೊದಲು ಎದ್ದಳು. ನಾನು ಏಳಲಿಲ್ಲ.

"ಏನ್ ಹಲ್ಡಾ, ಮಂಡಿ ಹಿಡ್ಕೊಂಡಿದೆಯಾ?"

"ಮಂಡಿ ಗಟ್ಟಿಯಾಗೇ ಇದೆ ಲೀಲಂಡ್. ವಂಶ ಮುರಿದಿದೆ."

ಉಯಿಲನ್ನು ಓದಿದೆ. ನಿಂತವರು ಒಬ್ಬೊಬ್ಬರಾಗಿ ಕೂತರು. ಲೀಲಂಡ್ ಕನ್ನಡಕ ತೆಗೆದು ಒರೆಸಿಕೊಂಡ.

"ಗೊತ್ತು ಕಣೇ" ಎಂದ.

"ಏನ್ ಗೊತ್ತು?"

"ಆ ಉಯಿಲನ್ನ ನಿಮ್ಮಪ್ಪನೇ ತೋರ್ಸಿದ್ದ. ಅವನು ಹಾಸಿಗೆ ಹಿಡಿಯೋಕೆ ಮುಂಚಿನ ವರ್ಷ. ಇಬ್ರೂ ಕೂತು ಓದಿದ್ವಿ, ಪೈ ತಿಂದ್ವಿ. ಯಾರಿಗೂ ಸಿಗದ ಕಟ್ಟಿನೊಳಗೆ ಸೇರ್ಸಿ ಬಂದ್ವಿ."

ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಮಣಿಕಟ್ಟು ಹಿಡಿದಿದ್ದ. ನಲವತ್ತೊಂದು ವರ್ಷದಲ್ಲಿ ಅಪ್ಪನ ಮೇಲೆ ಒಂದು ದಿನವೂ ಬಾರದ ಸಿಟ್ಟು ಆ ಹೊತ್ತು ಬಂತು.

"ಸರಿ, ಈಗ ಎಲ್ಲರಿಗೂ ಗೊತ್ತಾಯ್ತಲ್ಲ, ನನ್ನನ್ನ ಬಿಟ್ಬಿಡಿ" ಎಂದೆ.

"ಬಿಟ್ಟರೆ ಏನಾಗುತ್ತೆ ಅಂತ ಯೋಚ್ನೆ ಮಾಡಿದೀಯಾ? ನೀನು ರಕ್ತದವಳಲ್ಲ ಅಂದ್ರೆ ನಿಮ್ಮಪ್ಪನೂ ಅಲ್ಲ, ನಿಮ್ಮಜ್ಜನೂ ಅಲ್ಲ. ತೊಂಬತ್ತು ವರ್ಷದಿಂದ ಅಲ್ಲಿ ಯಾರೂ ಮಲಗೇ ಇಲ್ಲ ಅಂದ ಹಾಗಾಯ್ತು. ಸೋಮವಾರ ಬೆಳಿಗ್ಗೆ ಕ್ವಾರಿಯವರ ವಕೀಲ ಬಾಗಿಲಲ್ಲಿ ನಿಂತಿರ್ತಾನೆ."

ನಾನು ಇದನ್ನು ಯೋಚಿಸಿರಲಿಲ್ಲ. ಬಿಡುಗಡೆಯ ಖುಷಿಗೆ ಬುದ್ಧಿ ಮಂಕಾಗಿತ್ತು.

ನಮ್ಮ ಕಡೆ ಓಟು ಹಾಕದೆ ಏನೂ ನಡೆಯುವುದಿಲ್ಲ. ಚರ್ಚಿಗೆ ಯಾವ ಬಣ್ಣ, ನಾಯಿಗೆ ಹಗ್ಗ ಬೇಕೋ ಬೇಡವೋ, ಎಲ್ಲಕ್ಕೂ ಸಭೆ, ಎಲ್ಲಕ್ಕೂ ಕೈ ಎತ್ತುವುದು. ಮುನ್ನೂರೈವತ್ತು ವರ್ಷದ ಹಿಂದೆ ಸತ್ತವನ ಅಪ್ಪ ಯಾರು ಎನ್ನುವುದಕ್ಕೂ ಓಟು ಹಾಕುತ್ತಾರೆಂದು ಮಾತ್ರ ನಾನು ಕನಸಲ್ಲೂ ಎಣಿಸಿರಲಿಲ್ಲ.

"ಎನೋಸ್ ಜೇಬೆಜನ ಸ್ವಂತ ಮಗ ಅಂತ ಈ ಸಭೆ ಒಪ್ಪುತ್ತೆ. ಹೂಂ ಅನ್ನೋರು?"

"ಹೂಂ!" ಸಭಾಂಗಣ ಗುಡುಗಿತು.

"ಇಲ್ಲ ಅನ್ನೋರು?"

ನಾನು ಕೈ ಎತ್ತಿದೆ.

ಲೀಲಂಡ್ ಮುಗುಳ್ನಕ್ಕ. ಕೆಟ್ಟವನಲ್ಲ, ಅದೇ ಕಷ್ಟ. "ಹಲ್ಡಾ, ಇಲ್ಲಿ ಓಟಿರೋದು ರಕ್ತದವರಿಗೆ. ನೀನು ಓಟು ಹಾಕಿದ್ರೆ ನೀನು ಹಾರ್ಲಕ್ ಅಂತಲೇ ಆಯ್ತು. ಅಲ್ಲ ಅಂದ್ರೆ ಕೈ ಇಳ್ಸು."

ಯಾರೋ ಕಿಸಕ್ಕನೆ ನಕ್ಕರು. ಕೈ ಇಳಿಸಿದೆ. ಸಭೆಯ ನಡಾವಳಿ ಬರೆಯುವವಳೂ ನಾನೇ ಆದ್ದರಿಂದ 'ಸರ್ವಾನುಮತ' ಎಂದು ನನ್ನ ಕೈಯಾರೆ ಬರೆದೆ.

ಜನ ಮತ್ತೆ ಪೈ ಕಡೆ ನುಗ್ಗಿದರು. ಟ್ಯಾಮ್ಸಿನ್ ಅರ್ಜಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ಕಣ್ಣು ಹೊಳೆಯುತ್ತಿದ್ದವು.

"ಕಸಿನ್ ಹಲ್ಡಾ, ಹಾಗಾದ್ರೆ ನಾನೂ ಹಾರ್ಲಕ್ಕೇ ಅಲ್ವಾ? ಒಂದ್ ಮಾತು ಹೇಳ್ಲಾ? ಆ ಮನೇಲಿ ನಾನಿರ್ತೀನಿ. ನೀವು ನಿಮ್ಮಕ್ಕನ ಹತ್ರ ಹೋಗ್ಬೇಕಂತೆ, ಹೋಗಿ. ನಂಗೆ ಆ ಮನೆ ನೋಡಿದ್ರೆ ಅಳುನೇ ಬಂತು, ಅಷ್ಟು ಇಷ್ಟ ಆಯ್ತು."

ಮನೆಯೂ ಉಳಿಯುತ್ತದೆ, ನಾನೂ ಹೋಗಬಹುದು. ಬೇಕಾದದ್ದು ನನ್ನ ಒಂದು ಸಹಿ. 'ಮೂಲ ದಾಖಲೆಗಳನ್ನು ನೋಡಿದ್ದೇನೆ, ಸರಿಯಿವೆ' ಎಂಬ ಸಾಲಿನ ಕೆಳಗೆ. ಪೆನ್ನು ಕೈಯಲ್ಲೇ ಇತ್ತು.

"ಊರಲ್ಲಿ ಯಾರೂ ಇಲ್ವಾ ನಿಂಗೆ?" ಎಂದು ಕೇಳಿದೆ.

"ನನ್ ಹುಡುಗ ಇದಾನೆ. ಅವನ ಕೆಲಸ ಅಲ್ಲೇ. ಪರವಾಗಿಲ್ಲ, ಎಷ್ಟು ದಿನ ಆದ್ರೂ ಕಾಯ್ತೀನಿ ಅಂದಿದಾನೆ."

ಅವಳ ಮುಖ ನೋಡಿದೆ. ಅಪ್ಪನೂ ನನ್ನ ಮುಖವನ್ನು ಹೀಗೆ ನೋಡಿರಬೇಕು, ನೋಡಿಯೂ ಮಾತು ಕೊಡು ಎಂದಿರಬೇಕು. ಪೆನ್ನಿನ ಮುಚ್ಚಳ ಹಾಕಿದೆ.

"ನಿನ್ನ ಕಾಗದ ಸರಿಯಿಲ್ಲಮ್ಮ. ಸಹಿ ಹಾಕೋಕಾಗಲ್ಲ."

"ಈಗ್ತಾನೆ ಓಟು ಹಾಕಿದ್ರಲ್ಲ!"

"ಸಭೆ ಏನ್ ಬೇಕಾದ್ರೂ ಅನ್ಲಿ. ಸಹಿ ನನ್ನದು. ಇವತ್ತೇ ಊರಿಗೆ ಹೊರಡು."

ಅವಳ ಕೆನ್ನೆ ಕೆಂಪಾಯಿತು. "ನಿಮಗಾದ್ರೆ ಸರಿ, ನಂಗಾದ್ರೆ ಸರಿಯಿಲ್ಲ, ಅಲ್ವಾ? ಆ ಮನೆ ಮೇಲೆ ಅಷ್ಟು ಆಸೆನಾ ನಿಮಗೆ? ಸಾಯೋವರೆಗೂ ಒಬ್ರೇ ಅನುಭವಿಸಿ!"

"ಹೂಂ ಕಣಮ್ಮ, ಆಸೆ" ಎಂದೆ.

ಅರ್ಜಿಯನ್ನು ಅಲ್ಲೇ ಹರಿದು ಎಸೆದು ಹೋದಳು. ಅವಳ ಕಾರು ಓಹಾಯೋ ಕಡೆಯ ರಸ್ತೆಗೆ ತಿರುಗುವವರೆಗೂ ಕಿಟಕಿಯಲ್ಲಿ ನಿಂತಿದ್ದೆ. ಆಮೇಲೆ ಚರ್ಚಿನ ಫೋನಿನಿಂದ ಥರ್ಜಾಳಿಗೆ ಕರೆ ಮಾಡಿ, ಕೆಲಸದವಳನ್ನು ಇಟ್ಟುಕೋ ಎಂದೆ.



"ಆ ಮನೇಲಿರೋಕೆ ಒಬ್ರೂ ಸಿಗ್ಲಿಲ್ವೇನೇ?" ಎಂದು ಕೇಳಿದಳು.

"ಸಿಕ್ಕಿದ್ಲು" ಎಂದೆ. "ಕಳಿಸ್ಬಿಟ್ಟೆ."