ಅಂಗುಳದ ಎರಡನೇ ಹೊಲಿಗೆ

ಸೀಳಂಗುಳದ ಮಕ್ಕಳಿಗೆ ಇಪ್ಪತ್ತೆಂಟು ವರ್ಷಗಳಿಂದ ಹೊಲಿಗೆ ಹಾಕುತ್ತಿದ್ದ ಆ ಸರ್ಜನ್‌ಗೆ ತಮ್ಮ ಕೈಚಳಕದ ಮೇಲೆ ಅಪಾರ ನಂಬಿಕೆ. ಹುಟ್ಟುತ್ತಲೇ ಬಾಯಿಯ ಮೇಲ್ಭಾಗ ಸೀಳಿಕೊಂಡಿದ್ದು, ಕುಡಿದ ಹಾಲನ್ನೆಲ್ಲ ಮೂಗಿನಿಂದ ಸುರಿಸುವ ಕೂಸುಗಳು ಅವರ ಬಳಿ ಬರುತ್ತಿದ್ದವು, ತೂತು ಮುಚ್ಚಿಸಿಕೊಂಡು ಹೋಗುತ್ತಿದ್ದವು. ಹೊಲಿಗೆ ಬಿಟ್ಟುಕೊಂಡದ್ದು ಬೆರಳೆಣಿಕೆಯಷ್ಟು. ನರ್ಸುಗಳು ಬೆನ್ನ ಹಿಂದೆ ಅವರನ್ನು 'ದರ್ಜಿ ಡಾಕ್ಟ್ರು' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು; ಒಳಗೊಳಗೇ ಖುಷಿಯೂ ಇತ್ತು.

ಆ ವರ್ಷ ಆಸ್ಪತ್ರೆಗೆ ಮಾತಿನ ತರಬೇತಿ ಕೊಡುವ ಟೀಚರ್ ಒಬ್ಬಳು ಸೇರಿದಳು. ಆರು ತಿಂಗಳಾಗುವಷ್ಟರಲ್ಲಿ ಫೈಲು ಹಿಡಿದು ಸರ್ಜನ್ ಕೋಣೆಗೆ ಬಂದಳು.

"ಸರ್, ಒಂದು ವಿಷಯ ಹೇಳಬೇಕಿತ್ತು. ಬೇಜಾರು ಮಾಡ್ಕೋಬಾರದು."

"ಹಾಗಾದ್ರೆ ಬೇಜಾರಿನ ವಿಷಯಾನೇ. ಹೇಳಮ್ಮ."

"ನೀವು ಹೊಲಿದ ಮಕ್ಕಳಲ್ಲಿ ನನ್ನ ಹತ್ರ ಬಂದೋರು ನಲವತ್ತು ಜನ. ತೂತು ಎಲ್ಲರದ್ದೂ ಮುಚ್ಚಿದೆ. ಆದ್ರೆ ಹದಿಮೂರು ಮಕ್ಕಳ ಮಾತು ಇನ್ನೂ ಮೂಗಲ್ಲೇ ಇದೆ."

"ತರಬೇತಿ ಕೊಡು. ಅದಕ್ಕೇ ತಾನೇ ನೀನಿರೋದು?"

"ಕೊಡ್ತಾನೇ ಇದ್ದೀನಿ. ಗಾಳಿ ಸೋರೋ ಬಾಯಿಗೆ ಏನು ಕಲಿಸಿದ್ರೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೇ ಸರ್. ಒಂದ್ಸಲ ಬಂದು ನೋಡಿ."

ಮೆಟ್ಟಿಲ ಪಕ್ಕದ ಅವಳ ಪುಟ್ಟ ಕೋಣೆಯಲ್ಲಿ ಆರು ವರ್ಷದ ಹುಡುಗಿ ಕೂತಿದ್ದಳು. ಮನೆಯಲ್ಲಿ ಕರೆಯುವ ಹೆಸರು ಗುಬ್ಬಿ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿದ್ದ ಅವಳಪ್ಪ ಬಡಗಿ; ಅಂಗಿಯ ತೋಳಿಗೆ ಮರದ ಪುಡಿ ಅಂಟಿಕೊಂಡಿತ್ತು. ಟೀಚರ್ ಗುಬ್ಬಿಯ ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದಳು.

"ಅಪ್ಪ ಅನ್ನು."

"ಅಮ್ಮ."

ಮೂಗಿನಿಂದ ಸೋರಿದ ಗಾಳಿಗೆ ಕನ್ನಡಿ ಮಂಜುಮಂಜಾಯಿತು.

"ಅಮ್ಮ ಅಲ್ಲ ಕಣೇ, ಅಪ್ಪ."

"ಅಮ್ಮ!" ಎಂದು ಇನ್ನೂ ಜೋರಾಗಿ ಕೂಗಿದಳು ಗುಬ್ಬಿ.

ಬಡಗಿ ನಕ್ಕ. "ಬಿಡಿ ಟೀಚರ್. ಅವಳ ತಾಯಿ ಹೋದ ಮೇಲೆ ಎರಡೂ ನಾನೇ. ಯಾವುದಂದ್ರೂ ಓಗೊಡ್ತೀನಿ." ಆಮೇಲೆ ದನಿ ತಗ್ಗಿಸಿ ಸರ್ಜನ್ ಕಡೆ ತಿರುಗಿದ. "ಶಾಲೇಲಿ ಮಾತ್ರ ಬಾಯೇ ಬಿಡಲ್ಲ ಡಾಕ್ಟ್ರೇ. ಮಕ್ಕಳು ಅಣಕಿಸ್ತಾರೆ."

ಸರ್ಜನ್ ಟಾರ್ಚು ಹಿಡಿದು ನೋಡಿದರು. ಅವರದೇ ಹೊಲಿಗೆ, ಗಾಯದ ಗೆರೆ ಕೂದಲೆಳೆಯಷ್ಟು ತೆಳು. 'ಆ' ಎನ್ನಿಸಿದರು. ಮೇಲೆದ್ದು ಗಂಟಲ ಹಿಂಗೋಡೆಗೆ ತಾಗಬೇಕಿದ್ದ ಮೆತ್ತನೆ ಅಂಗುಳ ಅರ್ಧ ಎದ್ದು ನಿಂತುಬಿಟ್ಟಿತು. ಮೂರು ಸಲ ನೋಡಿದರು. ಆಮೇಲೆ ಟಾರ್ಚು ಆರಿಸಿ ಎದ್ದು ಹೋದರು.

ಮಧ್ಯಾಹ್ನ ಅವರು ತಮ್ಮ ಹಳೆಯ ಶಿಷ್ಯೆಗೆ ಫೋನ್ ಮಾಡಿದರು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಕೆ ಈ ಶಸ್ತ್ರಚಿಕಿತ್ಸೆಗೇ ಹೆಸರಾಗಿದ್ದಳು. ಆಕೆಯ ವಿಧಾನದ ಬಗ್ಗೆ ಕೇಳಿದಾಗಲೆಲ್ಲ, "ಸುಮ್ನೆ ಟೈಮ್ ದಂಡ" ಎಂದು ತಳ್ಳಿಹಾಕಿದ್ದವರು ಇವರೇ.

"ಸ್ನಾಯು ಬಿಡಿಸಿ ಹಿಂದಕ್ಕೆ ಕೂರಿಸೋದು ಅಂತಿದ್ಯಲ್ಲಮ್ಮ, ಅದನ್ನ ನನಗೆ ಕಲಿಸ್ತೀಯಾ?"

"ತಮಾಷೆ ಮಾಡ್ತಿದ್ದೀರಾ ಸರ್?"

"ಐವತ್ತೊಂಬತ್ತಾಯ್ತು. ತಮಾಷೆಗೆ ಪುರುಸೊತ್ತಿಲ್ಲ."

ಮೂರು ವಾರ ಆಕೆಯ ಎದುರು ಸಹಾಯಕರಾಗಿ ನಿಂತರು. ಅಂಗುಳ ಸೀಳಿಕೊಂಡು ಹುಟ್ಟಿದ ಮಕ್ಕಳಲ್ಲಿ ಅಡ್ಡಕ್ಕೆ ಇರಬೇಕಾದ ಸ್ನಾಯು ಎರಡೂ ಅಂಚಿನಗುಂಟ ಮುಂದಕ್ಕೆ ಹೋಗಿ ಮೂಳೆಗೆ ಕಚ್ಚಿಕೊಂಡಿರುತ್ತದೆ. ಇವರು ಅದನ್ನು ಹಾಗೇ ಬಿಟ್ಟು ಮೇಲಿನ ಪದರ ಕೂಡಿಸುತ್ತಿದ್ದರು. ಆಕೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸ್ನಾಯುವನ್ನು ಮೂಳೆಯಿಂದ ಬಿಡಿಸಿ, ಹಿಂದಕ್ಕೆ ತಿರುಗಿಸಿ, ಎರಡೂ ಬದಿಯದನ್ನು ಅಡ್ಡಲಾಗಿ ಒಂದಕ್ಕೊಂದು ಹೊಲಿಯುತ್ತಿದ್ದಳು. ಸರದಿ ತಮಗೆ ಬಂದಾಗ ಗುರುಗಳು ಹಳೆಯ ಅಭ್ಯಾಸದಂತೆ ಸರಸರ ಕತ್ತರಿ ಆಡಿಸಹೊರಟರು. "ನಿಧಾನ ಸರ್," ಎಂದಳು ಶಿಷ್ಯೆ, ಮೆಲ್ಲಗೆ.

ವಾಪಸು ಬಂದವರೇ ಬಡಗಿಯನ್ನು ಕರೆಸಿದರು.

"ಮೊದಲ ಸಲ ನಾನು ಮಾಡಿದ್ದು ಅರ್ಧ ಕೆಲಸ ಕಣಪ್ಪ. ಬಾಯಿಗೂ ಮೂಗಿಗೂ ನಡುವೆ ಒಂದು ಬಾಗಿಲಿದೆ ಅಂದ್ಕೋ. ಬಾಗಿಲೇನೋ ಇಟ್ಟೆ, ಅದು ಮುಚ್ಚಿಕೊಳ್ತಿಲ್ಲ."

ಬಡಗಿ ಗಲ್ಲ ಕೆರೆದುಕೊಂಡ. "ಅಂದ್ರೆ ಕೀಲನ್ನ ತಪ್ಪು ಜಾಗಕ್ಕೆ ಜಡಿದಿದ್ದೀರ."

"ಹೂಂ."

"ನಾನೂ ಎಷ್ಟೋ ಸಲ ಜಡಿದಿದ್ದೀನಿ. ಆದ್ರೆ ತಪ್ಪು ನಂದು ಅಂತ ಒಂದಿನವೂ ಒಪ್ಪಿಲ್ಲ. ಮರ ಬಾಗಿದೆ ಅಂತ ಹೇಳಿ ಜಾರಿಕೊಂಡಿದ್ದೀನಿ." ಆಮೇಲೆ ಕೇಳಿದ, "ಈ ಸಲ ಸರಿಹೋಗುತ್ತಾ?"

"ಹೋಗೋ ಸಾಧ್ಯತೆ ಹೆಚ್ಚು. ಖಂಡಿತ ಅಂತ ಹೇಳಲ್ಲ. ನನಗೆ ಕಲಿಸಿದವಳೂ ಜೊತೆಗಿರ್ತಾಳೆ."

ಶಸ್ತ್ರಚಿಕಿತ್ಸೆ ಮೂರು ಗಂಟೆ ಹಿಡಿಯಿತು. ಹಳೆಯ ಗಾಯ ಗಟ್ಟಿಯಾಗಿ, ಎಡಗಡೆಯ ಸ್ನಾಯು ಬಿಡಿಸಲು ಸತಾಯಿಸಿತು. ಕೊನೆಗೂ ಎರಡೂ ಬದಿ ಎಳೆತವಿಲ್ಲದೆ ಬಂದು ಕೂಡಿಕೊಂಡಾಗ ಶಿಷ್ಯೆ ತಲೆಯಾಡಿಸಿದಳು. "ಗಂಟು ಹಾಕಿ ಸರ್."

ಮೂರು ವಾರ ಗುಬ್ಬಿಗೆ ನೀರು ನೀರಾದ ಊಟ. ಚಮಚ ಬಾಯಿಗೆ ಹೋಗುವಂತಿಲ್ಲ. ನಿದ್ದೆಗಣ್ಣಲ್ಲಿ ಬೆರಳು ಬಾಯಿಗಿಡದಿರಲೆಂದು ಮೊಣಕೈ ಮಡಚದಂತೆ ಪಟ್ಟಿ ಕಟ್ಟಬೇಕಿತ್ತು. ಆಸ್ಪತ್ರೆಯವು ಭಾರವೆಂದು ಬಡಗಿಯೇ ತೆಳು ಹಲಗೆ ಉಜ್ಜಿ, ಬಟ್ಟೆ ಸುತ್ತಿ ಮಾಡಿಕೊಟ್ಟ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಸರ್ಜನ್ ದಿನಾ ಯಾವುದೋ ನೆಪ ಮಾಡಿಕೊಂಡು ಮೆಟ್ಟಿಲ ಪಕ್ಕದ ಕೋಣೆಗೆ ಇಣುಕುತ್ತಿದ್ದರು.

"ಸ್ನಾಯುಗೆ ಹೊಸ ಕೆಲಸ ಸರ್, ಕಲೀಲಿ," ಎಂದಳು ಟೀಚರ್. "ನೀವು ಕಲಿಯೋಕೂ ಮೂರು ವಾರ ಹಿಡೀಲಿಲ್ವಾ?"

ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ಗುಬ್ಬಿ, "ಅಪ್ಪ, ಸಾಕು, ಎದ್ದು ಬಾ," ಎಂದಳು. ಮೂಗಿನ ಕೆಳಗಿನ ಕನ್ನಡಿ ಮಂಜಾಗದೆ ಹಾಗೇ ಹೊಳೆಯುತ್ತಿತ್ತು. ಬಡಗಿಗೆ ಓಗೊಡುವುದೇ ಮರೆತುಹೋಯಿತು. "ಕಿವಿ ಕೇಳಲ್ವಾ?" ಎಂದು ಮಗಳಿಂದ ಗದರಿಸಿಕೊಂಡ ಮೇಲೆಯೇ ಅವನು ಕಣ್ಣೊರೆಸಿಕೊಂಡು ಎದ್ದದ್ದು.

ಸರ್ಜನ್ ಹಳೆಯ ರಿಜಿಸ್ಟರುಗಳನ್ನೆಲ್ಲ ತರಿಸಿದರು. ಟೀಚರ್ ಪಟ್ಟಿಯಲ್ಲಿ ಉಳಿದ ಹನ್ನೆರಡು ಮಕ್ಕಳ ಮನೆಗೆ ಟೀಚರೇ ಸುದ್ದಿ ಮುಟ್ಟಿಸಿದಳು. ಅವಳು ಬರುವ ಮೊದಲೇ ಹೊಲಿಸಿಕೊಂಡು ಹೋದವರಿಗೆ ತಾವೇ ಫೋನ್ ಮಾಡಲು ಸರ್ಜನ್ ಕೂತರು. ಎಷ್ಟೋ ನಂಬರುಗಳು ಸತ್ತಿದ್ದವು. ಏಳನೆಯದನ್ನು ಒಬ್ಬ ಯುವತಿ ಎತ್ತಿಕೊಂಡಳು. "ಯಾರು?" ಎಂದ ದನಿಯೆಲ್ಲ ಮೂಗಿನಿಂದಲೇ ಬರುತ್ತಿತ್ತು.

"ಹತ್ತೊಂಬತ್ತು ವರ್ಷದ ಹಿಂದೆ ನಿಮ್ಮ ಅಂಗುಳಕ್ಕೆ ಹೊಲಿಗೆ ಹಾಕಿದವನಮ್ಮ," ಎಂದರು ಸರ್ಜನ್. "ಆಗ ನನಗೆ ಗೊತ್ತಿಲ್ಲದ್ದು ಈಗ ಸ್ವಲ್ಪ ಗೊತ್ತಾಗಿದೆ. ಇಷ್ಟವಿದ್ದರೆ ಒಂದ್ಸಲ ಬಂದು ತೋರಿಸ್ತೀರಾ?"

ಆ ಕಡೆ ಪೆನ್ನು ಹುಡುಕುವ ಸದ್ದು. ಆಮೇಲೆ ಅವಳು ಕೇಳಿದಳು, ಯಾವ ದಿನ, ಎಷ್ಟು ಗಂಟೆಗೆ.