ಶೀಘ್ರದಲ್ಲೇ ಸಂಪರ್ಕಿಸುತ್ತೇವೆ

ನಾನು ಒಂದು ವೆಬ್‌ಸೈಟ್. ಗದಗಿನ ಹಾರ್ಮೋನಿಯಂ ರಿಪೇರಿಗಾರ ಈರಪ್ಪ ಪತ್ತಾರರ ಅಂಗಡಿಗಾಗಿ ಐದು ವರ್ಷದ ಹಿಂದೆ ಮಹಾನವಮಿಯ ದಿನ ಹುಟ್ಟಿದೆ. ನನ್ನಲ್ಲಿ ಮೂರು ಪುಟ, ಹನ್ನೊಂದು ಚಿತ್ರ. ಅಂದು ಉಳಿ, ಅರಗಳ ಪಕ್ಕ ನನ್ನನ್ನು ತೋರಿಸುವ ಮೊಬೈಲನ್ನೂ ಇಟ್ಟು ಕುಂಕುಮ ಹಚ್ಚಿದರು.

ನನ್ನನ್ನು ಮಾಡಿದವನು ವಿಶಾಲ ಕಟ್ಟಿಮನಿ. ಫೋನ್ ನಂಬರ್ ದೊಡ್ಡದಾಗಿ ಹಾಕು ಎಂದು ಈರಪ್ಪನವರು ಹೇಳಿದ್ದರು.

"ನಂಬರ್ ಹಾಕಿದ್ರ ಪಾಂಪ್ಲೆಟ್ ಆಗತೈತಿ ಕಾಕಾ. ಫಾರ್ಮ್ ಇಟ್ಟೇನಿ, ಮಂದಿ ಅದರಾಗ ಬರೀತಾರ," ಎಂದ.

ಫಾರ್ಮ್ ಕೆಲಸ ಮಾಡುತ್ತದೆಯೇ ಎಂದು ನೋಡಲು, ಬರೆದದ್ದು ಹೋಗಿ ಸೇರುವಂತೆ ತನ್ನದೊಂದು ಹಳೆಯ ಇ-ಮೇಲ್ ವಿಳಾಸ ಕೊಟ್ಟ. ಅದನ್ನು ಬದಲಿಸಲು ಮರೆತ. ಮರುತಿಂಗಳು ಮದುವೆ ವಿಡಿಯೊ ಕೆಲಸಕ್ಕೆ ಇಳಿದ. ಆ ಇ-ಮೇಲನ್ನು ಅವನು ಇಂದಿಗೂ ತೆರೆದಿಲ್ಲ.

ಬರೆದವರಿಗೆ ಹೇಳಲು ನನಗೆ ಒಂದೇ ಮಾತು ಕೊಟ್ಟಿದ್ದಾನೆ: "ಧನ್ಯವಾದಗಳು. ಶೀಘ್ರದಲ್ಲೇ ಸಂಪರ್ಕಿಸುತ್ತೇವೆ."

ನಲವತ್ತಮೂರು ಜನ ಬರೆದರು. ನಲವತ್ತಮೂರು ಜನರಿಗೂ ನಾನು ಸುಳ್ಳು ಹೇಳಿದೆ.

ನನ್ನ ಕೊನೆಯ ಪುಟದ ಅಡಿಯಲ್ಲಿ ಬಂದವರ ಸಂಖ್ಯೆ ಕಾಣುತ್ತದೆ. ಈರಪ್ಪನವರು ದಿನಾ ಅದನ್ನೇ ನೋಡುತ್ತಿದ್ದರು.

"ಗಂಗಾ, ಇವತ್ತ ನಾಕ ಮಂದಿ ಬಂದಾರ!"

"ಅದರಾಗ ನೀವೆಷ್ಟು ಮಂದಿ?" ಎಂದರು ಹೆಂಡತಿ ಗಂಗವ್ವ.

ಆ ದಿನ ಮೂರು ಸಲ ಬಂದವರು ಅವರೇ. ನಾಲ್ಕನೆಯವರು ರೋಣದ ಭಜನಾ ಮಂಡಳಿಯವರು. ಹಾರ್ಮೋನಿಯಂನ ತಿದಿ ಹರಿದಿದೆ, ಯಾವಾಗ ತರಲಿ ಎಂದು ಬರೆದಿದ್ದರು. ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ.

ಈ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಈರಪ್ಪನವರು, "ನೋಡಿ ಹೋಗತಾರ, ಒಬ್ಬರೂ ಕರ್ಯಂಗಿಲ್ಲ. ನನ್ನ ಕೆಲಸ ಯಾರಿಗೂ ಬ್ಯಾಡಾಗೈತಿ," ಎಂದು ಅಂಗಡಿ ಖಾಲಿ ಮಾಡಿದರು. ಹತ್ಯಾರಗಳನ್ನು ಹುಬ್ಬಳ್ಳಿಯ ಷಡ್ಡಕನಿಗೆ ಕೊಟ್ಟರು.

ಆರನೆಯ ದಿನ ನರಗುಂದದ ಸಂಗೀತ ಶಿಕ್ಷಕಿ ಸುಲೋಚನಾ ಹೊಸಮನಿ ವಿಳಾಸ ಕೇಳಿಕೊಂಡು ಹಾರ್ಮೋನಿಯಂ ಸಮೇತ ಮನೆಗೇ ಬಂದರು.

"ಮೂರು ಸಲ ಬರದೇನ್ರಿ. ಮೂರು ಸಲಾನೂ ಸಂಪರ್ಕಿಸ್ತೇವಿ ಅಂದೀರಿ. ಇಷ್ಟ ದೊಡ್ಡಸ್ತನ ಯಾಕ?"

"ದೇವರಾಣಿ, ಒಂದೂ ಬಂದಿಲ್ಲರೀ ಅಕ್ಕಾರ."

ಅವರು ತಮ್ಮ ಮೊಬೈಲಿನಲ್ಲಿ ನನ್ನನ್ನು ತೆರೆದು, ಮತ್ತೆ ಬರೆದು ತೋರಿಸಿದರು. ನಾನು ನನ್ನ ಮಾತು ಹೇಳಿದೆ. ಈರಪ್ಪನವರು ಅದನ್ನು ಓದಿದರು. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ಅದರ ಸ್ವರದ ಮನೆಗಳನ್ನು ಒಂದೊಂದಾಗಿ ಒತ್ತಿದರು. "ಗಾಂಧಾರ ಸತ್ತೈತಿ. ಹತ್ತು ನಿಮಿಷದ ಕೆಲಸ," ಎಂದು ಪಕ್ಕಕ್ಕೆ ಕೈ ಚಾಚಿದರು. ಅಲ್ಲಿ ಅರ ಇರಲಿಲ್ಲ.

ಪತ್ರಗಳು ಎಲ್ಲಿ ಹೋದವೆಂದು ವಿಶಾಲನಿಗೇ ಗೊತ್ತಿರಬೇಕು; ಅವನ ಹಳೆಯ ನಂಬರ್ ಚಾಲ್ತಿಯಲ್ಲಿರಲಿಲ್ಲ. ಈರಪ್ಪನವರು ನನ್ನ ಫಾರ್ಮಿನಲ್ಲೇ ಒಂದು ಬೆರಳಿನಿಂದ ಬರೆದರು: "ವಿಶಾಲ, ಬಂದ ಪತ್ರ ಎಲ್ಲಾ ಕಳಿಸು. ಅವರಿಗೆ ನಾನು ಉತ್ತರ ಕೊಡಬೇಕು. ನನ್ನ ಕೈ ಇನ್ನೂ ನಡೀತಾವ."

"ಧನ್ಯವಾದಗಳು. ಶೀಘ್ರದಲ್ಲೇ ಸಂಪರ್ಕಿಸುತ್ತೇವೆ," ಎಂದೆ.

"ಯಾರ್ರೀ ಸಂಪರ್ಕಿಸೋರು?" ಎಂದು ಗಂಗವ್ವ ಇಣುಕಿದರು. "ನೀವ ಅಲ್ಲೇನು?"

ಅಂತರಜಾಲದಲ್ಲಿ ಐದು ವರ್ಷಕ್ಕೆ ಹಣ ಕಟ್ಟಿ ಪಡೆದ ನನ್ನ ಹೆಸರಿನ ಅವಧಿ ಮುಗಿಯಲು ಇನ್ನು ಹತ್ತೊಂಬತ್ತು ದಿನ. ಆಮೇಲೆ ನಾನಿರುವುದಿಲ್ಲ. ಈರಪ್ಪನವರು ಹುಬ್ಬಳ್ಳಿಗೆ ಹೋಗಿ ಅರ ತಂದಿದ್ದಾರೆ, ಗಾಂಧಾರ ಸರಿಯಾಗಿದೆ. ಉಳಿದ ನಲವತ್ತೆರಡು ಜನರ ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ. ಈಗಲೂ ದಿನಕ್ಕೆ ಮೂರು ಸಲ ಬರುತ್ತಾರೆ. ಸಂಖ್ಯೆ ನೋಡುವುದಿಲ್ಲ. ವಿಶಾಲನಿಗೆ ಅದೇ ಪತ್ರ ಬರೆದು ಕಳಿಸುವ ಗುಂಡಿ ಒತ್ತುತ್ತಾರೆ, ನನ್ನ ಉತ್ತರ ಓದದೆ ಮುಚ್ಚುತ್ತಾರೆ.